ಐದೂವರೆ ವರ್ಷದ ಮಗಳಿಗೆ ಅಧ್ಯಾಯಗಳಿರುವ ಪುಸ್ತಕ ಓದಿ ಹೇಳಬಹುದೇ? ಎರಡನೆಯ ಪುಟಕ್ಕೇ ಎದ್ದು ಹೋಗುತ್ತಾಳೆ

ಧಾರಾಳವಾಗಿ ಓದಬಹುದು. ನಾನು ಶುರು ಮಾಡಿದಾಗ ಮಗನಿಗೆ ಆರು ವರ್ಷ. ನಾಲ್ಕರ ಮಗಳು ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತಳು. ಆದರೆ ಮೊದಲ ಸಲ ನಾನೂ ನಿಮ್ಮ ಹಾಗೆಯೇ ಸೋತು ಕೈಬಿಟ್ಟಿದ್ದೆ.

"ಪುಸ್ತಕದ ಕನ್ನಡ ಅವಳಿಗೆ ಅರ್ಥವಾಗುವುದಿಲ್ಲ, ಓದುತ್ತಲೇ ಮನೆಮಾತಿಗೆ ಬದಲಾಯಿಸಿ ಹೇಳುತ್ತೇನೆ" ಎಂದು ಬರೆದಿದ್ದೀರಿ. ತೊಡಕಿರುವುದು ಅಲ್ಲೇ ಎಂದು ನನ್ನ ಅನುಮಾನ. ಕಣ್ಣು 'ಹೊರಟುಹೋದನು' ಎಂದು ಓದುತ್ತದೆ, ಬಾಯಿ ಬೇರೊಂದನ್ನು ಹೇಳಬೇಕು. ಪ್ರತಿ ವಾಕ್ಯಕ್ಕೂ ಒಂದು ತಡವರಿಕೆ. ಅಷ್ಟರಲ್ಲಿ ಕಥೆಯ ಓಟ ನಿಂತಿರುತ್ತದೆ, ಮಗು ಎದ್ದಿರುತ್ತದೆ. ಒಂದು ರಾತ್ರಿ ಸುಸ್ತಾಗಿ, ಬದಲಾಯಿಸುವ ಗೋಜಿಗೆ ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಮಗ ಬಿದ್ದು ಬಿದ್ದು ನಕ್ಕ. ನಾಲ್ಕನೆಯ ದಿನ ಊಟಕ್ಕೆ ಕರೆದರೆ, "ಇಗೋ ಬರುತ್ತಿದ್ದೇನೆ, ಅಮ್ಮನೇ" ಎಂದ!

ಅಜ್ಜನ ಊರು ಶಿವಮೊಗ್ಗದ ಕಡೆ. ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಪದ್ಯವನ್ನು ಸುಲಭ ಮಾಡಲು ಯಾರೂ ಹೋಗುವುದಿಲ್ಲ. ಏಳೆಂಟು ವರ್ಷದ ನನಗೆ ಮುಕ್ಕಾಲು ಪಾಲು ತಿಳಿಯುತ್ತಿರಲಿಲ್ಲ. ಭೀಮನಿಗೆ ಸಿಟ್ಟು ಬಂದಿದೆ ಎಂಬುದು ಮಾತ್ರ ದನಿಯಲ್ಲೇ ಗೊತ್ತಾಗುತ್ತಿತ್ತು, ಉಳಿದದ್ದಕ್ಕೆ ವ್ಯಾಖ್ಯಾನ ಇತ್ತು. ಈಗ ಮನೆಯಲ್ಲಿ ಎರಡೂ ಕೆಲಸ ನನ್ನದೇ. ಒಂದು ಪ್ಯಾರಾ ಪುಸ್ತಕದ ಕನ್ನಡದಲ್ಲೇ ಓದುತ್ತೇನೆ. ಮಕ್ಕಳ ಹುಬ್ಬು ಗಂಟಾದರೆ ಸಾಲಿನ ಮೇಲೆ ಬೆರಳಿಟ್ಟು, ನಮ್ಮ ಮಾತಿನಲ್ಲಿ ಒಂದೇ ಒಂದು ವಾಕ್ಯ ಹೇಳಿ, ಮತ್ತೆ ಪುಸ್ತಕಕ್ಕೆ ಮರಳುತ್ತೇನೆ. ಎರಡು ವಾಕ್ಯ ಹೇಳಿದರೆ ಅದು ಪಾಠವಾಗಿಬಿಡುತ್ತದೆ.

ಯಾವ ಪುಸ್ತಕ ಎಂದೂ ಕೇಳಿದ್ದೀರಿ. ಪಂಚತಂತ್ರವನ್ನು ಇಡಿಯಾಗಿ ಈಗಲೇ ಎತ್ತಿಕೊಳ್ಳಬೇಡಿ. ಕಥೆಯೊಳಗೆ ಕಥೆ, ಅದರೊಳಗೆ ಮತ್ತೊಂದು, "ಆ ಸಿಂಹ ಎಲ್ಲಿ ಹೋಯಿತು?" ಎಂದು ನನ್ನ ಮಗ ವಾರವಿಡೀ ಕೇಳಿದ್ದ. ನಮಗೆ ಒಲಿದದ್ದು 'ತೊತ್ತೋಚಾನ್'. ಜಪಾನಿನ ತೆತ್ಸುಕೊ ಕುರೋಯಾನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದು 1981ರಲ್ಲಿ ಪ್ರಕಟಿಸಿದ ಪುಸ್ತಕ, ಕನ್ನಡ ಅನುವಾದವಿದೆ. ಅಧ್ಯಾಯಗಳು ಪುಟ್ಟವು, ಒಂದು ತಪ್ಪಿಹೋದರೂ ಮುಂದಿನದು ನಿಲ್ಲುವುದಿಲ್ಲ. ರೈಲು ಬೋಗಿಗಳೇ ತರಗತಿಗಳು ಎಂಬ ಸಂಗತಿಯೊಂದೇ ಸಾಕು, ಮಕ್ಕಳು ಅಲ್ಲಾಡುವುದಿಲ್ಲ. ಮುಖ್ಯೋಪಾಧ್ಯಾಯರು ಪುಟ್ಟ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ. ನಾಲ್ಕು ಗಂಟೆ ಎಂದರೆ ಎಷ್ಟು ಎಂದು ಮಗಳು ಕೇಳಿದಳು. ನೀನು ಶಾಲೆಗೆ ಹೋಗಿ ಊಟಕ್ಕೆ ಬರುವಷ್ಟು ಎಂದೆ. "ಅಷ್ಟು ಹೊತ್ತು ನೀನು ಕೇಳುತ್ತೀಯಾ?" ನಾನು ಪುಟ ತಿರುಗಿಸಿದೆ. ಶೌಚದ ಗುಂಡಿಗೆ ಬಿದ್ದ ಪರ್ಸನ್ನು ಹುಡುಕಲು ಪುಸ್ತಕದ ಆ ಹುಡುಗಿ ಒಳಗಿನದನ್ನೆಲ್ಲ ಮೊಗೆದು ಹೊರಗೆ ಹಾಕುವ ಅಧ್ಯಾಯವನ್ನು ನಮ್ಮ ಮನೆಯಲ್ಲಿ ಐದು ಸಲವಾದರೂ ಓದಿದ್ದೇನೆ.

ಒಂದು ಎಚ್ಚರಿಕೆ. ಪುಸ್ತಕದ ಕೊನೆಯತ್ತ ಒಬ್ಬ ಗೆಳೆಯ ತೀರಿಕೊಳ್ಳುತ್ತಾನೆ, ಯುದ್ಧದಲ್ಲಿ ಶಾಲೆ ಸುಟ್ಟುಹೋಗುತ್ತದೆ. ನಾಳೆ ಓದುವುದನ್ನು ಇಂದೇ ಒಮ್ಮೆ ನೋಡಿಕೊಳ್ಳಿ. ನಾನು ನೋಡಿರಲಿಲ್ಲ, ಗಂಟಲು ಕಟ್ಟಿ ಮಧ್ಯದಲ್ಲೇ ನಿಂತೆ. ಮಕ್ಕಳು ಅತ್ತದ್ದಕ್ಕಿಂತ ನನ್ನನ್ನು ನೋಡಿ ಹೆದರಿದ್ದೇ ಹೆಚ್ಚು.

ಹೊತ್ತಿನ ವಿಚಾರ: ಹತ್ತು ನಿಮಿಷ ಸಾಕು, ಮಲಗುವ ಹೊತ್ತೇ ಆಗಬೇಕೆಂದಿಲ್ಲ. ನಾನಂತೂ ಮಕ್ಕಳಿಗಿಂತ ಮೊದಲು ನಿದ್ದೆ ಹೋಗುತ್ತಿದ್ದೆ. ಎದ್ದು ಹೋದವಳು ಕೇಳುತ್ತಿಲ್ಲ ಎಂದೂ ತಿಳಿಯಬೇಡಿ. ನನ್ನ ಮಗಳು ಮೇಜಿನ ಕೆಳಗೆ ಪಾತ್ರೆ ಆಟದಲ್ಲಿ ಮುಳುಗಿದ್ದಾಗ ನಾನು ಬೇಗ ಮುಗಿಸಲೆಂದು ಒಂದು ಪ್ಯಾರಾ ಹಾರಿಸಿದೆ. ನಾಯಿ ಏನಾಯಿತು ಎಂದು ಅಲ್ಲಿಂದಲೇ ಗದರಿದಳು. ಅವಳ ಕೈಗೊಂದು ಕೆಲಸ ಕೊಡಿ, ಬಣ್ಣ ಹಚ್ಚುವುದೋ, ಅವರೆಕಾಯಿ ಸುಲಿಯುವುದೋ. ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾತ್ರ ಮಾಡಬೇಡಿ. ದನಿ ಬದಲಿಸಿ ನಾಟಕ ಮಾಡಲು ಬಾರದಿದ್ದರೆ ಬೇಡವೇ ಬೇಡ, ನನಗೂ ಬರುವುದಿಲ್ಲ.

ಮಗನಿಗೆ ಈಗ ಒಂಬತ್ತು, ತಾನೇ ಓದಬಲ್ಲ, ಆದರೂ ರಾತ್ರಿ ಬಂದು ಕೂರುತ್ತಾನೆ. ಕಳೆದ ವಾರ ನನಗೆ ಶೀತವಾಗಿ ದನಿ ಹೋಗಿತ್ತು, ತಂಗಿಗೆ ಅವನೇ ಓದಿದ. 'ಮುಖ್ಯೋಪಾಧ್ಯಾಯರು' ಬಂದಾಗ ಬೆರಳಿಟ್ಟು ನಿಲ್ಲಿಸಿ ವ್ಯಾಖ್ಯಾನ ಕೊಟ್ಟ: "ಹಾಗೆಂದರೆ ಹೆಡ್‌ಮಾಸ್ಟರ್. ಆದರೆ ಇವರು ಬೈಯುವುದಿಲ್ಲ."