ಕಾರಿನ ಅಡಿಗೆ ಶೀಟ್ ಹೊಡಿಸಿದ್ರ ಮೈಲೇಜ್ ಹೆಚ್ಚಾಗ್ತದೇನು? ಅಲ್ಯೂಮಿನಿಯಂ ಚಲೋನೋ ಪ್ಲಾಸ್ಟಿಕ್ ಚಲೋನೋ?

ಹುಬ್ಬಳ್ಳಿ-ಧಾರವಾಡ ದಿನಾ ಓಡಾಡೋರು ನೀವು. ನಿಮಗ ಎರಡೂ ಬ್ಯಾಡ. ನಾನು ಹಾಕಿಸಿ ತಗಿಸಿದಂವ, ಅದಕ್ಕ ಹೇಳ್ತೀನಿ.

ಆಗ ನಾನು ಗದಗದಿಂದ ಹುಬ್ಬಳ್ಳಿಗೆ ಕೆಲಸಕ್ಕ ಬರ್ತಿದ್ದೆ, ಹಳೇ ಡೀಸೆಲ್ ಗಾಡಿ. ಒಮ್ಮೆ ಗ್ಯಾರೇಜಿನ್ಯಾಗ ಲಿಫ್ಟಿಗೆ ಏರಿಸಿದಾಗ ಕೆಳಗ ನಿಂತು ನೋಡಿದೆ. ಮ್ಯಾಲೆ ಅಷ್ಟು ನುಣ್ಣಗಿರೋ ಗಾಡಿ, ಅಡಿಗೆ ಬರೇ ಉಬ್ಬು-ತಗ್ಗು: ಸೈಲೆನ್ಸರ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಹಿಂದಿನ ಆಕ್ಸಲ್, ಸ್ಟೆಪ್ನಿ ಕೂಡ್ರೋ ಗುಂಡಿ. ಗಾಳಿ ಒಂದೊಂದಕ್ಕೂ ಬಡದು ಸುಳಿ ತಿರಗ್ತದ, ಆ ಸುಳಿ ಗಾಡೀನ್ನ ಹಿಂದಕ್ಕ ಜಗ್ತದ. ಅದನ್ನೆಲ್ಲಾ ಮುಚ್ಚಿ ಸಪಾಟು ಮಾಡಿದ್ರ ತಡೆ ಇಳೀತದ. ಈ ಲೆಕ್ಕ ಖರೇನ ಅದ.

ಗೋಕುಲ ರೋಡಿನ ಕಡೆ ಒಂದು ಶೆಡ್ಡಿನ್ಯಾಗ ಅಲ್ಯೂಮಿನಿಯಂ ಶೀಟ್ ಕತ್ತರಿಸಿ, ಮೂರು ತುಂಡು ಮಾಡಿ ಹೊಡಿಸಿದೆ. ಮುಂದಿನ ತುಂಡಿನಿಂದ ಶುರು ಮಾಡ್ರಿ ಅಂತ ನಾನ ಹೇಳಿದ್ದೆ. ತಪ್ಪಾಗಿದ್ದು ಅಲ್ಲೇ. ಮುಂದಿನ ಶೀಟ್ ಮೊದಲು ಕೂಡಿಸಿದ್ರ, ಎರಡನೇದು ಅದರ ಕೆಳಗ ಬಂದು ಕೂಡ್ತದ. ಅಂದ್ರ ಎರಡನೇ ಶೀಟಿನ ಮುಂದಿನ ಅಂಚು ಬಯಲಾಗಿ, ಎದುರು ಬರೋ ಗಾಳಿಗೆ ಬಾಯಿ ತೆರಕೊಂಡು ನಿಲ್ತದ. ಹಂಚು ಹೊದಸೋರು ಸೂರಿನಿಂದ ಶುರು ಮಾಡಿ ಮ್ಯಾಲಕ್ಕ ಹೋಗೋದ್ಯಾಕ? ಮ್ಯಾಲಿನ ಹಂಚಿನ ತುದಿ ಕೆಳಗಿನದನ್ನ ಮುಚ್ಚಲಿ, ನೀರು ಒಳಗ ನುಗ್ಗದಿರಲಿ ಅಂತ. ಇಲ್ಲೂ ಹಂಗ: ಹಿಂದಿನ ಶೀಟ್ ಮೊದಲು ಏರಬೇಕು, ಮುಂದಿನದರ ಬಾಲ ಅದರ ತಲೀ ಮುಚ್ಚಬೇಕು. ಅಡಿಗೆ ಮಲಗಿ ಸ್ಕ್ರೂ ತಿರುವೋರಿಗೆ ಎರಡೂ ಒಂದ ಥರ ಕಾಣ್ತಾವ.

ಬ್ಯಾಸಗಿ ಮುಗಿಯೋತನ ಏನೂ ಆಗಲಿಲ್ಲ. ಮಳೆ ಬಿತ್ತು, ಅಣ್ಣಿಗೇರಿ ಕಡೆ ಎರಿ ಮಣ್ಣು ಆ ಸಂದಿನ್ಯಾಗ ತುಂಬಿ ಗಟ್ಟಿಯಾತು. ಬೆರಳು ಹೋಗೋವಷ್ಟು ಬಾಯಿ ಬಿಡ್ತು, ಗಾಳಿ ಬಡದು ಬಡದು ಸ್ಕ್ರೂ ತೂತು ಅಗಲಾದ್ವು. ಒಂದಿನ ಹೈವೇದಾಗ ಶೀಟ್ ಕಿತ್ತು ಹಿಂದಕ್ಕ ಮಡಚಿ, ಹಿಂದಿನ ಗಾಲಿಯ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂಗ ತಡಿಯೋದು) ಸೆನ್ಸರ್ ವೈರ್ ಕೊಯ್ದು ಹಾಕ್ತು. ಆ ರಿಪೇರಿಗೆ ಕೊಟ್ಟ ರೊಕ್ಕ ಉಳಿಸಿದ ಡೀಸೆಲ್‌ಗಿಂತ ಹೆಚ್ಚು.

ಅಷ್ಟಕ್ಕೂ ಎಷ್ಟು ಉಳೀತು ಅಂತ ನೋಡೋದೂ ಸಸಾರ ಅಲ್ಲ. ಆಷಾಢದಾಗ ಗಾಳಿ ಪಡುವಣದಿಂದ ಬೀಸ್ತದ; ಗದಗದ ಕಪ್ಪತಗುಡ್ಡದ ಮ್ಯಾಲೆ ಗಾಳಿಯಂತ್ರ ಸುಮ್ಮನ ನಿಲ್ಲಿಸಿಲ್ಲ. ಹುಬ್ಬಳ್ಳಿಗೆ ಬರುವಾಗ ಎದುರುಗಾಳಿ, ಹೊಳ್ಳಿ ಹೋಗುವಾಗ ಬೆನ್ನಿಗೆ ಗಾಳಿ. ಹೋಗಿಬಂದ ಎರಡೂ ದಾರಿ ಸೇರಿಸಿ, ಟ್ಯಾಂಕ್ ಫುಲ್‌ನಿಂದ ಫುಲ್‌ಗೆ ಲೆಕ್ಕ ಹಾಕದಿದ್ರ ಆ ಮೈಲೇಜ್ ನಂಬಬ್ಯಾಡ್ರಿ.

ಈಗ ನಿಮ್ಮ ದಾರಿ. ಸುಮಾರು 20 ಕಿ.ಮೀ., ನಡುವ ಸಿಗ್ನಲ್ಲು, ಬ್ಯಾರೆ ಲೇನಿನ್ಯಾಗ ಓಡೋ ಚಿಗರಿ ಬಸ್ಸಿನ ಪಕ್ಕದ ಟ್ರಾಫಿಕ್ಕು. ಗಾಳಿಯ ತಡೆ ವೇಗದ ವರ್ಗದಂಗ ಏರ್ತದ: 50ರಾಗ ಇದ್ದದ್ದು 100ರಾಗ ನಾಲ್ಕು ಪಟ್ಟು. ನೀವು ಓಡಿಸೋದು 40-50ರಾಗ. ಅಲ್ಲಿ ಇಂಧನ ತಿನ್ನೋದು ಟಯರಿನ ಉರುಳು ತಡೆ ಮತ್ತ ಮ್ಯಾಲಿಂದ ಮ್ಯಾಲೆ ಹಿಡಿಯೋ ಬ್ರೇಕು. ಗಾಳಿಯ ತಡೆ 10 ಪರ್ಸೆಂಟ್ ಇಳಿದ್ರೂ ಹೈವೇದಾಗ ಉಳಿಯೋ ಇಂಧನ ಸುಮಾರು ಅದರ ಅರ್ಧ. ಊರಾಗ ಅಷ್ಟೂ ಕಾಣಂಗಿಲ್ಲ.

ದಿನಾ ಹಾವೇರಿ, ರಾಣೆಬೆನ್ನೂರು ಕಡೆ 90ರ ಮ್ಯಾಲೆ ಓಡಿಸೋರಾದ್ರ ಮಾತು ಬ್ಯಾರೆ. ಅಂಥೋರೂ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗಿಯೊಳಗಿನ ವಿಷ ಕಡಿಮಿ ಮಾಡೋ ಡಬ್ಬಿ), ಸೈಲೆನ್ಸರ್ ಪೈಪಿನ ಜಾಗ ಮುಚ್ಚಬಾರದು. ಅಲ್ಲಿ ನೂರಾರು ಡಿಗ್ರಿ ಶಾಖ ಇರ್ತದ, ಪ್ಲಾಸ್ಟಿಕ್ ಕರಗ್ತದ, ಬೆಂಕೀನೂ ಹತ್ತಬಹುದು. ರೇಡಿಯೇಟರ್ ದಾಟಿದ ಬಿಸಿ ಗಾಳಿ ಎಂಜಿನ್ ಹಿಂದಿನಿಂದ ಕೆಳಗ ಹೋಗ್ತದ, ಆ ದಾರೀನೂ ಬಿಡಬೇಕು.

ನೀವು ಮೊದಲು ಎಂಜಿನ್ ಅಡಿಗೆ ಕಂಪನಿ ಕೊಟ್ಟ ಕವರ್ ಅದನೋ ಇಲ್ಲೋ ನೋಡ್ರಿ. ಆಯಿಲ್ ಬದಲಿಸುವಾಗ ಕ್ಲಿಪ್ ಮುರೀತದ, ಕವರ್ ಮೂಲ್ಯಾಗ ಉಳೀತದ, ಯಾರೂ ಹೇಳಂಗಿಲ್ಲ. ಗಾಡಿ ಮ್ಯಾಲೆ ಕ್ಯಾರಿಯರ್ ಇದ್ರ ಇಳಿಸ್ರಿ. ಡ್ರೈವರ್ ಬಾಗಿಲ ಹತ್ರ ಸ್ಟಿಕರಿನ ಮ್ಯಾಲೆ ಬರದಷ್ಟು ಗಾಳಿ ಟಯರಿಗೆ ಹೊಡಿಸ್ರಿ, ಅದೂ ಮುಂಜಾನೆ ಟಯರ್ ತಣ್ಣಗಿದ್ದಾಗ.