ಡಿಸಿಪಿ ಹೆಚ್ಚಿಸಿದರೂ ಕೋಳಿಯ ತೂಕ ಏಕೆ ಹೆಚ್ಚಲಿಲ್ಲ?

ಪ್ರಶ್ನೆ: ಎರಡು ಸಾವಿರ ಬ್ರಾಯ್ಲರ್ ಕೋಳಿ ಸಾಕಿದ್ದೇನೆ. ಮೆಕ್ಕೆಜೋಳ, ಸೋಯಾ ಹಿಂಡಿ ತಂದು ಆಹಾರವನ್ನು ನಾನೇ ಬೆರೆಸುತ್ತೇನೆ. ಹೋದ ಸಲ ಕೆಲವು ಮರಿಗಳು ಕಾಲು ಸೋತು ಕುಳಿತವು. ಪರಿಚಯದವರೊಬ್ಬರು ಹೇಳಿದರೆಂದು ಟನ್ನಿಗೆ 18 ಕಿಲೋ ಹಾಕುತ್ತಿದ್ದ ಡಿಸಿಪಿಯನ್ನು (ಮೂಳೆಗೆ ಬೇಕಾದ ರಂಜಕ, ಕ್ಯಾಲ್ಸಿಯಂ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) 25 ಕಿಲೋ ಮಾಡಿದೆ. ತೂಕ ಹೆಚ್ಚಲಿಲ್ಲ, ಕಾಲಿನ ತೊಂದರೆಯೂ ಪೂರ್ತಿ ಹೋಗಲಿಲ್ಲ. ಆಹಾರದಲ್ಲಿ ರಂಜಕ ಶೇ 0.8 ಇದೆ ಎಂದು ಲ್ಯಾಬ್ ವರದಿ ಹೇಳುತ್ತದೆ. ಗೊಬ್ಬರದ ರಾಶಿಯ ಪಕ್ಕದ ಕೃಷಿ ಹೊಂಡ ಪಾಚಿಗಟ್ಟಿದೆ. ಇವೆರಡಕ್ಕೂ ಸಂಬಂಧ ಇದೆಯೇ?
– ಒಬ್ಬ ರೈತ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಇದೆ. ಆ ಪಾಚಿಯಲ್ಲಿ ನೀವು ದುಡ್ಡು ಕೊಟ್ಟು ತಂದ ಡಿಸಿಪಿಯ ಪಾಲೂ ಇರುವ ಸಾಧ್ಯತೆ ಹೆಚ್ಚು.

ವರದಿಯ 0.8 ಎಂಬುದು ಒಟ್ಟು ರಂಜಕ. ಕೋಳಿಗೆ ದಕ್ಕುವುದು ಅಷ್ಟೂ ಅಲ್ಲ. ಕಾಳು, ಹಿಂಡಿಗಳ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಫೈಟೇಸ್ ಎಂಬ ಕಿಣ್ವ ಬೇಕು. ಹಸು, ಕುರಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ತಾವೇ ತಯಾರಿಸುತ್ತವೆ. ಕೋಳಿಗೂ ಹಂದಿಗೂ ಆ ಅನುಕೂಲ ಬಹಳ ಕಡಿಮೆ. ಅಕ್ಕಿ ತೌಡಿನಲ್ಲಿ ರಂಜಕ ಧಾರಾಳವಾಗಿದೆ ಎಂದು ನಂಬಿ ಮೋಸಹೋಗುವುದೂ ಇದೇ ಕಾರಣಕ್ಕೆ. ಇದೆ ನಿಜ, ಆದರೆ ಬಹುಪಾಲು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿಯ ಪ್ರಕಾರ ಬ್ರಾಯ್ಲರ್ ಮರಿಗೆ ಮೊದಲ ಮೂರು ವಾರ ಫೈಟೇಟ್ ಅಲ್ಲದ ರಂಜಕ ಶೇ 0.45 ಇರಬೇಕು, ಮುಂದಿನ ಮೂರು ವಾರಕ್ಕೆ ಶೇ 0.35 ಸಾಕು. ಜೋಳ ಮತ್ತು ಸೋಯಾದಿಂದ ಸುಮಾರು 0.13 ಬರುತ್ತದೆ. ಶೇ 18 ರಂಜಕವಿರುವ ಡಿಸಿಪಿ ಟನ್ನಿಗೆ 18 ಕಿಲೋ ಹಾಕಿದರೆ 0.32 ಸೇರುತ್ತದೆ. ಅಲ್ಲಿಗೆ ಎಳೆಯ ಮರಿಯ ಲೆಕ್ಕವೇ ಸರಿಹೋಯಿತು. ಮೂರು ವಾರದ ಮೇಲೆ 12 ಕಿಲೋ ಸಾಕಿತ್ತು. ಅಗತ್ಯ ಮುಟ್ಟಿದ ಮೇಲೆ ಎಷ್ಟು ಸುರಿದರೂ ಕೋಳಿ ಬೆಳೆಯುವುದಿಲ್ಲ.

ಹಾಗಾದರೆ ಕಾಲು ಸೋತದ್ದೇಕೆ? ಸತ್ತ ಮರಿಯೊಂದರ ಕಾಲಿನ ಮೂಳೆಯನ್ನು ಬಿಡಿಸಿ ಬಗ್ಗಿಸಿ ನೋಡಿ. ಗಟ್ಟಿ ಮೂಳೆ ಲಟಕ್ಕೆಂದು ಮುರಿಯುತ್ತದೆ. ರಬ್ಬರಿನಂತೆ ಬಾಗಿದರೆ, ಕೊಕ್ಕೂ ಬೆರಳಿಗೆ ಮೆತ್ತಗಾಗಿ ಸಿಕ್ಕರೆ, ರಂಜಕ, ಕ್ಯಾಲ್ಸಿಯಂ, ಡಿ3 ಜೀವಸತ್ವ ಇವುಗಳಲ್ಲಿ ಯಾವುದೋ ಒಂದು ಕಡಿಮೆಯಾಗಿದೆ ಎಂದರ್ಥ. ಡಿಸಿಪಿಯಲ್ಲಿ ಕಲಬೆರಕೆಯೇ, ಜೀವಸತ್ವದ ಪುಡಿ ಹಳತೇ, ಸುಣ್ಣದ ಕಲ್ಲಿನ ಪುಡಿ ಜಾಸ್ತಿಯಾಯಿತೇ ಎಂದು ಪರೀಕ್ಷಿಸಿ. ಕ್ಯಾಲ್ಸಿಯಂ ಮಿತಿಮೀರಿದರೆ ಫೈಟೇಟನ್ನು ಇನ್ನಷ್ಟು ಬಿಗಿಯುತ್ತದೆ. ಅದಕ್ಕೆ ಹೋಲಿಸಿದರೆ ರಂಜಕವೇ ಹೆಚ್ಚಾದರೂ ಎಳೆ ಮೂಳೆಯ ತುದಿ ಗಟ್ಟಿಯಾಗದೆ ಕೋಳಿ ಕುಂಟುತ್ತದೆ. ಮೂಳೆ ಗಟ್ಟಿಯಿದ್ದೂ ಕಾಲು ಸೋತಿದ್ದರೆ ಅದು ಸೋಂಕೂ ಇರಬಹುದು; ಪಶುವೈದ್ಯರಿಗೆ ತೋರಿಸಿ.

ಈಗ ಹೊರಗೆ ಹೋಗುವುದರ ಲೆಕ್ಕ. ಕೋಳಿಯೊಂದು ಮೂರೂವರೆ ಕಿಲೋ ತಿಂದರೆ ನಿಮ್ಮ ತಂಡಕ್ಕೆ 7 ಟನ್ ಆಹಾರ, ಅದರಲ್ಲಿ 56 ಕಿಲೋ ರಂಜಕ. ಎರಡು ಕಿಲೋ ತೂಗುವ ಕೋಳಿಯ ಮೈಯಲ್ಲಿ ಉಳಿಯುವುದು ಅಂದಾಜು 10 ಗ್ರಾಂ, ಎರಡು ಸಾವಿರಕ್ಕೆ 20 ಕಿಲೋ. ಉಳಿದ 36 ಕಿಲೋ ಭತ್ತದ ಹೊಟ್ಟಿನ ಹಾಸಿಗೆ ಸೇರುತ್ತದೆ. ಮೂರೂವರೆ ಚೀಲ ಡಿಎಪಿ ಗೊಬ್ಬರದಲ್ಲಿರುವಷ್ಟು ರಂಜಕ ಅದು, ಒಂದೇ ತಂಡದಿಂದ! ಹೊಲಕ್ಕೆ ಹೋದರೆ ಬಂಗಾರ. ಮಳೆಗೆ ಕೊಚ್ಚಿ ಹೊಂಡಕ್ಕೆ ಇಳಿದರೆ ಪಾಚಿಗೆ ಹಬ್ಬ.

ಇದಕ್ಕೆ ಒಳ್ಳೆಯ ದಾರಿ ಫೈಟೇಸ್ ಕಿಣ್ವವನ್ನೇ ಆಹಾರಕ್ಕೆ ಬೆರೆಸುವುದು. ಗೊಬ್ಬರದ ರಂಜಕದಿಂದ ಕಂಗೆಟ್ಟಿದ್ದ ನೆದರ್ಲೆಂಡ್ಸ್‌ನಲ್ಲಿ 1991ರಲ್ಲಿ ಮಾರುಕಟ್ಟೆಗೆ ಬಂದದ್ದು, ಈಗ ನಮ್ಮಲ್ಲೂ ಸುಲಭವಾಗಿ ಸಿಗುತ್ತದೆ. ಕಿಲೋ ಆಹಾರಕ್ಕೆ 500 ಯೂನಿಟ್‌ನಂತೆ ಹಾಕಿದರೆ ಸುಮಾರು ಶೇ 0.1ರಷ್ಟು ರಂಜಕ ಬಿಡುಗಡೆಯಾಗುತ್ತದೆ. ಅಂದರೆ ಟನ್ನಿಗೆ ಐದೂವರೆ ಕಿಲೋ ಡಿಸಿಪಿ ಉಳಿತಾಯ. ಹೀಗೆ ಮಾಡಿ: ಮೊದಲ ಮೂರು ವಾರ ಟನ್ನಿಗೆ 12ರಿಂದ 13 ಕಿಲೋ ಡಿಸಿಪಿ, ಆಮೇಲೆ 7 ಕಿಲೋ. ಡಿಸಿಪಿ ಇಳಿಸಿದಾಗ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಕಿಣ್ವದ ತಯಾರಕರು ಕೊಡುವ ಪಟ್ಟಿ ನೋಡಿ ಸುಣ್ಣದ ಪುಡಿಯನ್ನು ಹೊಂದಿಸಿ. ಟನ್ನಿಗೆ ಬೇಕಾಗುವ ಕಿಣ್ವ ಒಂದು ಹಿಡಿಯಷ್ಟೇ. ನೇರವಾಗಿ ಎಸೆಯಬೇಡಿ, ಮೊದಲು ಐದಾರು ಕಿಲೋ ಜೋಳದ ನುಚ್ಚಿನಲ್ಲಿ ಚೆನ್ನಾಗಿ ಬೆರೆಸಿ ಆಮೇಲೆ ಮಿಕ್ಸರ್‌ಗೆ ಹಾಕಿ.

ಅಗ್ಗವೆಂದು ಗೊಬ್ಬರದ ಅಂಗಡಿಯ ರಾಕ್ ಫಾಸ್ಫೇಟ್ ಮಾತ್ರ ಯಾವ ಕಾರಣಕ್ಕೂ ತರಬೇಡಿ. ಅದರಲ್ಲಿ ಫ್ಲೋರೈಡ್ ಇರುತ್ತದೆ.

ಗೊಬ್ಬರದ ರಾಶಿಯನ್ನು ಹೊಂಡದಿಂದ ದೂರ, ಎತ್ತರದ ಜಾಗಕ್ಕೆ ಒಯ್ದು ಮಳೆಗೆ ಮುಂಚೆ ಟಾರ್ಪಾಲು ಹೊದಿಸಿ. ಪಾಚಿ ತಕ್ಷಣ ಹೋಗುವುದಿಲ್ಲ, ಏಕೆಂದರೆ ತಳದ ಕೆಸರಿನಲ್ಲಿ ಕೂತ ರಂಜಕ ನೀರಿಗೆ ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ಆ ಕೆಸರನ್ನು ಎತ್ತಿ ಹೊಲಕ್ಕೆ ಹರಡಿ.