ಮಕ್ಕಳ ಡಾಕ್ಟರ್ ಉತ್ತರ: ಮಂಚದಿಂದ ಬಿದ್ದ ಮಗು, ಆಸ್ಪತ್ರೆಯ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗನಿಗೆ ಐದು ತಿಂಗಳು. ಹೋದ ವಾರ ಮಂಚದಿಂದ ಉರುಳಿ ಬಿದ್ದ. ತಲೆ ಬುಗುಟು ಬಂತು. ತಕ್ಷಣ ಮೈಸೂರಿಗೆ ಕರೆತಂದೆವು. ಸ್ಕ್ಯಾನ್‌ನಲ್ಲಿ ಬುರುಡೆಗೆ ಸಣ್ಣ ಬಿರುಕು ಕಂಡಿತು. ಆಮೇಲೆ ನನ್ನನ್ನೂ ನಮ್ಮತ್ತೆಯನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದನ್ನೇ ಕೇಳಿದರು. ಮೈಯೆಲ್ಲ ಎಕ್ಸ್‌ರೇ ತೆಗೆಸಿ, ಕಣ್ಣಿನ ಡಾಕ್ಟರನ್ನೂ ಕರೆಸಿದರು. ಬೇರೇನೂ ಇಲ್ಲವಂತೆ. ಅತ್ತೆ ಇನ್ನೂ ಅಳುತ್ತಾರೆ. ನಾವೇ ಹೊಡೆದೆವು ಅಂದುಕೊಂಡರಾ?
– ಒಬ್ಬ ತಾಯಿ, ಮದ್ದೂರು

ಉತ್ತರ: ನಿಮ್ಮತ್ತೆಯವರ ನೋವು ಅರ್ಥವಾಗುತ್ತದಮ್ಮ. ಆದರೆ ಆ ಡಾಕ್ಟರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮಗುವಿಗೆ ಬಾಯಿಲ್ಲ. ಅದರ ಪರವಾಗಿ ಗಾಯವೇ ಮಾತಾಡಬೇಕು.

ನಾವು ನೋಡುವುದು, ಹೇಳಿದ ಮಾತಿಗೂ ಗಾಯಕ್ಕೂ ತಾಳೆಯಾಗುತ್ತದೆಯೇ ಎಂದು. ಐದು ತಿಂಗಳ ಕೂಸು ಮಗ್ಗುಲಾಗುತ್ತದೆ, ಹಾಗಾಗಿ ಮಂಚದಿಂದ ಬೀಳುವುದು ನಂಬುವ ಮಾತು. ಒಂದು ತಿಂಗಳ ಕೂಸು ತಾನೇ ಉರುಳಿ ಬಿತ್ತು ಎಂದರೆ ಇನ್ನಷ್ಟು ಕೇಳಲೇಬೇಕು. ಮಂಚದ ಎತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಬುಗುಟು ಬರುತ್ತದೆ, ಕೆಲವೊಮ್ಮೆ ನಿಮ್ಮ ಮಗನಿಗಾದಂತೆ ನೇರವಾದ ಬಿರುಕು. ಪ್ರಾಣಕ್ಕೆ ಅಪಾಯವಾಗುವುದು ತೀರಾ ಅಪರೂಪ.

ಎಳೆಗೂಸನ್ನು ಹಿಡಿದು ಜೋರಾಗಿ ಕುಲುಕಿದರೆ ಕಥೆಯೇ ಬೇರೆ. ಹೊರಗೆ ಒಂದು ಗೀರೂ ಇಲ್ಲದಿರಬಹುದು, ಒಳಗೆ ಮೆದುಳಿನ ಸುತ್ತ ರಕ್ತ ಕಟ್ಟಿರುತ್ತದೆ. ಕಣ್ಣಿನ ಹಿಂದಿನ ಪರದೆಯ ತುಂಬ ರಕ್ತದ ಕಲೆಗಳು, ಬೆನ್ನಿನ ಕಡೆ ಪಕ್ಕೆಲುಬು ಮುರಿದಿರುವುದೂ ಉಂಟು. ಮಗು ಫಿಟ್ಸ್ ಬಂದೋ ಉಸಿರು ನಿಂತೋ ಆಸ್ಪತ್ರೆಗೆ ಬರುತ್ತದೆ. ಕಣ್ಣು, ಎಕ್ಸ್‌ರೇ ನೋಡಿದ್ದು ಇದಕ್ಕೇ. ಇನ್ನೂ ಓಡಾಡದ ಮಗುವಿನ ಕಿವಿ, ಕತ್ತು, ಹೊಟ್ಟೆ ಮೇಲೆ ಕಪ್ಪುಗಟ್ಟಿದ ಗುರುತಿದ್ದರೂ ನಾವು ಎಚ್ಚರವಾಗುತ್ತೇವೆ. ಹಾಗಂತ ಒಂದೇ ಗುರುತು ಹಿಡಿದು ಯಾರನ್ನೂ ದೂರುವಂತಿಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ, ವಿಟಮಿನ್ ಕೆ ಕೊರತೆಯಿಂದಲೂ ತಲೆಯೊಳಗೆ ರಕ್ತ ಬರುತ್ತದೆ. ಅದನ್ನೂ ಪರೀಕ್ಷಿಸಬೇಕು.

ತೊಟ್ಟಿಲು ತೂಗುವುದರಿಂದ, ತೊಡೆ ಮೇಲೆ ಕುಣಿಸುವುದರಿಂದ ಇದೆಲ್ಲ ಆಗುವುದಿಲ್ಲ. ಅತ್ತೆಯವರು ಸುಮ್ನೆ ಹೆದರುವುದು ಬೇಡ. ಬಹಳ ಸಲ ಮಗುವನ್ನು ಜೋರಾಗಿ ಕುಲುಕುವುದು ಅದರ ಅಳು ನಿಲ್ಲದೆ ದೊಡ್ಡವರ ತಾಳ್ಮೆ ಕೆಟ್ಟಾಗ. ಎರಡನೇ ತಿಂಗಳ ಹೊತ್ತಿಗೆ ಕೂಸುಗಳ ಅಳು ಜಾಸ್ತಿ. ಅಂಥ ಹೊತ್ತಲ್ಲಿ ಮಗುವನ್ನು ಅಂಗಾತ ಮಲಗಿಸಿ ಆಚೆ ಕೋಣೆಗೆ ಹೋಗಿ, ಇಲ್ಲವೇ ಬೇರೆಯವರ ಕೈಗೆ ಕೊಡಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಯಾವುದೋ ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಿಮ್ಮ ಮಗ ಪದೇ ಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮರುತಪಾಸಣೆಯನ್ನೂ ತಪ್ಪಿಸಬೇಡಿ. ಆ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಮನಸ್ಸಲ್ಲಿರುವುದನ್ನು ಆ ಡಾಕ್ಟರನ್ನೇ ಕೇಳಲಿ.